ಥಿನ್ ಲಿಜ್ಜಿಯ ಫಿಲ್ ಲೈನಟ್

ಐರ್ಲೆಂಡಿನ ರಾಜಧಾನಿ ಡಬ್ಲಿನ್ ನಗರದ ಹ್ಯಾರಿ ಸ್ಟ್ರೀಟಿನಲ್ಲಿ ಗಿಟಾರಿನೊಂದಿಗೆ ನಿಂತಿರುವ ಸಪೂರ ದೇಹದ, ಗುಂಗುರು ಕೂದಲಿನ ಮನುಷ್ಯನ ಕಂಚಿನ ಪ್ರತಿಮೆಯೊಂದಿದೆ. 2005ರ ಆಗಸ್ಟ್ 19ರಂದು ಅದನ್ನು ಅನಾವರಣ ಮಾಡಿದಾಗ ಆತನ ವೃದ್ಧ ತಾಯಿಯೂ ಅಲ್ಲಿದ್ದಳು. ಬಿಳಿಯರ ಈ ನಗರ ಕಪ್ಪು ಬಣ್ಣದ ಒಬ್ಬ ಹಾಡುಗಾರನನ್ನು ತನ್ನವನೆಂದು ಬೀದಿಯಲ್ಲಿ ನಿಲ್ಲಿಸಿಕೊಂಡಿತು. ಆತನೇ ಫಿಲಿಪ್ ಲೈನಟ್. ಹಾರ್ಡ್ ರಾಕ್ ಸಂಗೀತವೆಂದರೆ ಕಿವಿ ಮುಚ್ಚಿಕೊಳ್ಳುವ ನಮ್ಮಂಥವರಿಗೂ ಆತನ ಬಾಳು ತಿಳಿಯತಕ್ಕದ್ದೆಂದು ನಾವು ಭಾವಿಸುತ್ತೇವೆ.

ಲೈನಟ್ ಹುಟ್ಟಿದ್ದು ಡಬ್ಲಿನ್ನಿನಲ್ಲಲ್ಲ, ಇಂಗ್ಲೆಂಡಿನ ವೆಸ್ಟ್ ಬ್ರಾಮಿಚ್ ಎಂಬಲ್ಲಿ, 1949ರ ಆಗಸ್ಟ್ 20ರಂದು. ತಾಯಿ ಫಿಲೊಮಿನಾ ಹೊಟ್ಟೆಪಾಡಿಗಾಗಿ ಕಡಲು ದಾಟಿ ಬಂದ ಡಬ್ಲಿನ್ನಿನ ಹುಡುಗಿ. ಆಗ ಆಕೆಗೆ ಇನ್ನೂ ಹದಿನೆಂಟು. ತಂದೆ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದವನು. ಅವರಿಗೆ ಮದುವೆಯಾಗಲಿಲ್ಲ. ಮದುವೆಯಿಲ್ಲದೆ ಹುಟ್ಟಿದ, ಅದೂ ಕಪ್ಪು ಬಣ್ಣದ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡವಳಿಗೆ ಅಂದಿನ ಇಂಗ್ಲೆಂಡಿನಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗುವುದೇ ದುಸ್ತರವಾಗಿತ್ತು. ಕೊನೆಗೆ ಆಕೆ ಹುಡುಗನನ್ನು ಡಬ್ಲಿನ್ನಿನ ಕ್ರಮ್ಲಿನ್‌ನಲ್ಲಿದ್ದ ತನ್ನ ತಾಯಿ ಸಾರಾಳ ಬಳಿಗೆ ಕಳುಹಿಸಿ, ತಾನು ಇಂಗ್ಲೆಂಡಿನಲ್ಲಿಯೇ ದುಡಿಯುತ್ತಿದ್ದಳು. ಹುಡುಗನ ಪಾಲಿಗೆ ಮನೆಯೆಂದರೆ ಅಜ್ಜಿಯ ಮನೆ. ಸೋದರಮಾವನ ಗ್ರಾಮಫೋನ್ ಪ್ಲೇಟುಗಳು ಆತನಿಗೆ ಹಾಡಿನ ಮರುಳು ಹಿಡಿಸಿದವು. ಶಾಲೆಯಲ್ಲಿ ಜೊತೆಯಾದವನು ಬ್ರಯನ್ ಡೌನಿ ಎಂಬ ಡ್ರಮ್ ಬಾರಿಸುವ ಹುಡುಗ. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬಂದವರಲ್ಲಿ ಅನೇಕರು ಹೋದರೂ ಇವನು ಉಳಿದನು.

ಹದಿನಾರರ ಸುಮಾರಿಗೆ ಬ್ಲ್ಯಾಕ್ ಈಗಲ್ಸ್ ಎಂಬ ತಂಡದಲ್ಲಿ ಹಾಡತೊಡಗಿದ ಲೈನಟ್, ಬಳಿಕ ಬ್ರಷ್ ಶೀಲ್ಸ್ ಎಂಬವನ ಸ್ಕಿಡ್ ರೋ ತಂಡವನ್ನು ಸೇರಿದನು. 1969ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುವಷ್ಟರಲ್ಲಿ ತಂಡದಲ್ಲಿ ಅವನಿಗೆ ಸ್ಥಾನವಿರಲಿಲ್ಲ. ಆದರೆ ಹೊರಗೆ ಹಾಕಿದ ಶೀಲ್ಸನೇ ಅವನಿಗೆ ಬಾಸ್ ಗಿಟಾರು ನುಡಿಸಲು ಕಲಿಸಿಕೊಟ್ಟನು. ಇಂತಹ ಗುರುಗಳೂ ಇರುತ್ತಾರೆ.

ಅದೇ ವರ್ಷದ ಕೊನೆಯಲ್ಲಿ ಲೈನಟ್, ಡೌನಿ, ಬೆಲ್‌ಫಾಸ್ಟಿನ ಗಿಟಾರುಗಾರ ಎರಿಕ್ ಬೆಲ್ ಮತ್ತು ಆರ್ಗನ್ ನುಡಿಸುವ ಎರಿಕ್ ರಿಕ್ಸನ್ ಸೇರಿ ಥಿನ್ ಲಿಜ್ಜಿ ತಂಡವನ್ನು ಕಟ್ಟಿದರು. ಮಕ್ಕಳ ಚಿತ್ರಕಥಾ ಪತ್ರಿಕೆಯೊಂದರಲ್ಲಿ ಟಿನ್ ಲಿಜ್ಜಿ ಎಂಬ ಯಂತ್ರಗೊಂಬೆಯಿತ್ತು. ಡಬ್ಲಿನ್ನಿನವರ ಬಾಯಲ್ಲಿ ಥಕಾರವೂ ಟಕಾರವೇ ಆಗುವುದರಿಂದ, ಥಿನ್ ಎಂದು ಬರೆದರೂ ಜನರು ಟಿನ್ ಎಂದೇ ಓದುತ್ತಾರೆಂಬ ತಮಾಷೆಗೆ ಹೆಸರು ಹೀಗಾಯಿತು. ಆರ್ಗನಿನವನು ಕೆಲವೇ ತಿಂಗಳಲ್ಲಿ ಬಿಟ್ಟನು. ಉಳಿದ ಮೂವರು ಲಂಡನ್ನಿಗೆ ಹೋದರು.

1972ರಲ್ಲಿ ಈ ಮೂವರು ವಿಸ್ಕಿ ಇನ್ ದ ಜಾರ್ ಎಂಬ ಐರಿಷ್ ಜಾನಪದ ಗೀತೆಯನ್ನು ವಿದ್ಯುತ್ ಗಿಟಾರಿಗೆ ಹೊಂದಿಸಿ ಹಾಡಿದರು. ಪ್ಲೇಟಿನ ಮುಖ್ಯ ಬದಿಗೆಂದು ಅವರು ಉದ್ದೇಶಿಸಿದ್ದುದು ಲೈನಟ್ ಬರೆದ, ಬೀದಿಯ ಮೂಲೆಯಲ್ಲಿ ನಿಂತ ಕಪ್ಪು ಹುಡುಗರ ಕುರಿತ ಹಾಡು. ಕಂಪೆನಿಯವರು ಅದನ್ನು ಹಿಂಬದಿಗೆ ತಳ್ಳಿ ಜಾನಪದ ಗೀತೆಯನ್ನೇ ಮುಂದಿಟ್ಟರು. ಅದು ಐರ್ಲೆಂಡಿನಲ್ಲಿ ಮೊದಲ ಸ್ಥಾನಕ್ಕೂ 1973ರಲ್ಲಿ ಬ್ರಿಟನ್ನಿನಲ್ಲಿ ಆರನೆಯ ಸ್ಥಾನಕ್ಕೂ ಏರಿತು. ಹೀಗೆ ಅವರಿಗೆ ಮೊದಲ ಹೆಸರು ತಂದುದು ಅವರ ಸ್ವಂತದ್ದಲ್ಲದ, ಅವರಿಗೇ ಅಷ್ಟೊಂದು ಬೇಡವಾಗಿದ್ದ ಹಾಡು. ಕಂಪೆನಿಯ ಲೆಕ್ಕಾಚಾರ ಸರಿಯಾಯಿತು, ನಿಜ. ಆದರೂ ಹಿಂಬದಿಗೆ ಹೋದ ಆ ಹಾಡಿನ ವಿಷಯದಲ್ಲಿ ನಮಗೆ ಖೇದವಿದೆ.

ಆ ವರ್ಷದ ಕೊನೆಯ ರಾತ್ರಿ ಬೆಲ್‌ಫಾಸ್ಟಿನ ವಿಶ್ವವಿದ್ಯಾನಿಲಯದಲ್ಲಿ ಕಾರ್ಯಕ್ರಮ ನಡೆಯುತ್ತಿದ್ದಾಗ, ಕುಡಿತ ಮತ್ತು ದಣಿವಿನಿಂದ ಕಂಗೆಟ್ಟಿದ್ದ ಎರಿಕ್ ಬೆಲ್ ಗಿಟಾರನ್ನು ಮೇಲಕ್ಕೆ ಎಸೆದು ರಂಗದಿಂದ ಇಳಿದು ಹೋದನು. ಅಲ್ಲಿಂದ ಮುಂದಿನ ಕಥೆ ನಮ್ಮ ಯಕ್ಷಗಾನ ಮೇಳಗಳ ಹಾಗೆಯೇ. ಪ್ರತಿ ತಿರುಗಾಟಕ್ಕೂ ಯಾರು ಬಿಟ್ಟರು, ಯಾರು ಸೇರಿದರು ಎಂದು ಕೇಳಬೇಕು. ಬೆಲ್ಲನ ಜಾಗಕ್ಕೆ ಲೈನಟನ ಹಳೆಯ ಗೆಳೆಯ ಗ್ಯಾರಿ ಮೂರ್ ಬಂದು ನಾಲ್ಕೇ ತಿಂಗಳಲ್ಲಿ ಹೋದನು. ಒಬ್ಬನು ಹೋದರೆ ತಂಡ ನಿಲ್ಲಬಾರದೆಂದು ಲೈನಟ್ 1974ರಲ್ಲಿ ಇಬ್ಬರು ಗಿಟಾರುಗಾರರನ್ನು ಸೇರಿಸಿಕೊಂಡನು. ಒಬ್ಬನು ಕ್ಯಾಲಿಫೋರ್ನಿಯಾದ ಸ್ಕಾಟ್ ಗೋರಮ್. ಇನ್ನೊಬ್ಬ ಗ್ಲಾಸ್ಗೋ ಕಡೆಯ ಬ್ರಯನ್ ರಾಬರ್ಟ್ಸನ್, ವಯಸ್ಸು ಹದಿನೆಂಟು. ಮುಂಜಾಗ್ರತೆಗಾಗಿ ಮಾಡಿದ ಈ ಏರ್ಪಾಡಿನಿಂದಲೇ ತಂಡದ ಗುರುತು ಹುಟ್ಟಿತು. ಎರಡು ಗಿಟಾರುಗಳು ಒಂದೇ ರಾಗವನ್ನು ಮೇಲು-ಕೆಳಗಿನ ಸ್ವರಗಳಲ್ಲಿ ಜೊತೆಯಾಗಿ ನುಡಿಸುವ ಕ್ರಮವನ್ನು ಮುಂದೆ ಅನೇಕ ತಂಡಗಳು ಅನುಸರಿಸಿದವು.

1976ರ ಜೈಲ್‌ಬ್ರೇಕ್ ಪ್ಲೇಟಿನ ದ ಬಾಯ್ಸ್ ಆರ್ ಬ್ಯಾಕ್ ಇನ್ ಟೌನ್ ಹಾಡು ಬ್ರಿಟನ್ನಿನಲ್ಲಿ ಎಂಟನೆಯ, ಅಮೆರಿಕದಲ್ಲಿ ಹನ್ನೆರಡನೆಯ ಸ್ಥಾನಕ್ಕೆ ಬಂದಿತು. ಅಮೆರಿಕದ ಬಾಗಿಲು ತೆರೆಯಿತು ಎನ್ನುವಾಗಲೇ ಲೈನಟನಿಗೆ ಕಾಮಾಲೆ ಹಿಡಿದು ಪ್ರವಾಸ ನಿಂತಿತು. ಅದೇ ವರ್ಷ ನವೆಂಬರದಲ್ಲಿ ಮತ್ತೊಮ್ಮೆ ಹೊರಡಬೇಕೆನ್ನುವಾಗ ರಾಬರ್ಟ್ಸನ್ ಲಂಡನ್ನಿನ ಕ್ಲಬ್ಬಿನ ಜಗಳವೊಂದರಲ್ಲಿ ಗಾಜು ತಗಲಿ ಕೈ ಕೊಯ್ದುಕೊಂಡನು. ಮುಂದಿನ ವರ್ಷದ ಪ್ಲೇಟಿನ ಹೊದಿಕೆಯಲ್ಲಿ ಮೂವರದೇ ಚಿತ್ರ. 1978ರಲ್ಲಿ ಆತ ಬಿಟ್ಟೇ ಹೋದನು. ಗ್ಯಾರಿ ಮೂರ್ ಮರಳಿ ಬಂದನು, 1979ರಲ್ಲಿ ಅಮೆರಿಕ ಪ್ರವಾಸದ ನಡುವೆಯೇ ಹೊರಟುಹೋದನು. ಬಳಿಕ ಮಿಜ್ ಯೂರ್ ತಾತ್ಕಾಲಿಕವಾಗಿ, ಆನಂತರ ಸ್ನೋಯಿ ವೈಟ್, ಕೊನೆಗೆ ಜಾನ್ ಸೈಕ್ಸ್. 1981ರಲ್ಲಿ ತಂಡದ ಆಯ್ದ ಹಾಡುಗಳ ಸಂಕಲನ ಬಂದಾಗ ಆ ಒಂದೇ ಪ್ಲೇಟಿನಲ್ಲಿ ಬೆಲ್, ಗೋರಮ್, ರಾಬರ್ಟ್ಸನ್, ಮೂರ್, ವೈಟ್ ಹೀಗೆ ಐವರ ಗಿಟಾರು ಸೇರಿತ್ತು. ಆದರೂ ಒಂದೇ ತಂಡವೆಂದು ಕೇಳಿಸುತ್ತಿದ್ದುದು ಲೈನಟನ ಕಂಠ, ಆತನ ಪದಗಳು, ಹಿಂದೆ ಡೌನಿಯ ಡ್ರಮ್ಮು ಇವುಗಳಿಂದ. ಆತ ಕವಿಯೂ ಹೌದು. 1974ರಲ್ಲಿಯೇ ಕವನ ಪುಸ್ತಕವೊಂದನ್ನು ಪ್ರಕಟಿಸಿದ್ದನು.

ಸಾರಾ ಎಂಬ ಹೆಸರಿನ ಎರಡು ಹಾಡುಗಳನ್ನು ಆತ ಬರೆದಿದ್ದಾನೆ. 1972ರದ್ದು ಸಾಕಿದ ಅಜ್ಜಿಯ ಮೇಲೆ. 1979ರದ್ದು, ಅಜ್ಜಿಯ ಹೆಸರನ್ನೇ ಇಟ್ಟ ತನ್ನ ಮಗಳ ಮೇಲೆ. 1980ರಲ್ಲಿ ಕ್ಯಾರೊಲಿನ್ ಕ್ರೌದರಳನ್ನು ಮದುವೆಯಾಗಿ, ಎರಡನೆಯ ಮಗಳೂ ಹುಟ್ಟಿದಳು. ತಂದೆಯಿಲ್ಲದೆ ಬೆಳೆದವನಿಗೆ ತಾನು ತಂದೆಯಾಗಿ ಬಾಳುವ ಅವಕಾಶ ದೊರೆತಿತ್ತು. ಆದರೆ ಅಷ್ಟರಲ್ಲಿ ಹೆರಾಯಿನ್ ಆತನನ್ನು ಹಿಡಿದಿತ್ತು. ಹೋದವರ ಜಾಗಕ್ಕೆ ಮರುದಿನವೇ ಇನ್ನೊಬ್ಬನನ್ನು ತರಬಲ್ಲವನಾಗಿದ್ದ ಲೈನಟ್ ತನ್ನ ವಿಷಯದಲ್ಲಿ ಏನೂ ಮಾಡಲಿಲ್ಲ. ಅದೇ ಚಟಕ್ಕೆ ಬಿದ್ದಿದ್ದ ಗೋರಮ್ ಪಾರಾದನು. 1983ರ ಸೆಪ್ಟೆಂಬರದಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಕೊನೆಯ ಕಾರ್ಯಕ್ರಮ ನಡೆಸಿ ತಂಡ ಮುಗಿಯಿತು. ಮರುವರ್ಷ ಸಂಸಾರವೂ ಒಡೆಯಿತು. ಹೊಸದಾಗಿ ಕಟ್ಟಿದ ಗ್ರ್ಯಾಂಡ್ ಸ್ಲಾಮ್ ತಂಡವನ್ನು ಯಾವ ರೆಕಾರ್ಡು ಕಂಪೆನಿಯೂ ಒಪ್ಪಲಿಲ್ಲ. 1985ರಲ್ಲಿ ಗ್ಯಾರಿ ಮೂರ್ ಮತ್ತೆ ಜೊತೆಗೂಡಿ, ಉತ್ತರ ಐರ್ಲೆಂಡಿನ ಹಿಂಸೆಯ ಕುರಿತ ಔಟ್ ಇನ್ ದ ಫೀಲ್ಡ್ಸ್ ಹಾಡು ಬ್ರಿಟನ್ನಿನಲ್ಲಿ ಐದನೆಯ ಸ್ಥಾನಕ್ಕೇರಿತು. ಅದೊಂದೇ ಸಮಾಧಾನ.

ಆ ವರ್ಷ ಕ್ರಿಸ್ಮಸ್ ದಿನದಂದೇ ಲೈನಟ್ ಲಂಡನ್ನಿನ ಕ್ಯೂ ಎಂಬಲ್ಲಿನ ಮನೆಯಲ್ಲಿ ಕುಸಿದು ಬಿದ್ದನು. ಹಬ್ಬಕ್ಕೆಂದು ಬಂದಿದ್ದ ತಾಯಿ ಅಲ್ಲಿಯೇ ಇದ್ದಳು. ರಕ್ತ ನಂಜಾಗಿ, ನ್ಯುಮೋನಿಯಾ ಸೇರಿ, 1986ರ ಜನವರಿ 4ರಂದು ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ತೀರಿಕೊಂಡನು. ವಯಸ್ಸು ಮೂವತ್ತಾರು. ಶವವನ್ನು ಡಬ್ಲಿನ್ನಿಗೆ ತಂದು ಸಟನ್ನಿನ ಸ್ಮಶಾನದಲ್ಲಿ ಹೂಳಲಾಯಿತು. ಫಿಲೊಮಿನಾ 2019ರ ವರೆಗೆ ಬದುಕಿದಳು.

1991ರಲ್ಲಿ ತಂಡದ ಆಯ್ದ ಹಾಡುಗಳ ಇನ್ನೊಂದು ಸಂಕಲನ ಹೊರಬಂದು ಬ್ರಿಟನ್ನಿನಲ್ಲಿ ಮೊದಲ ಹತ್ತರೊಳಗೆ ನಿಂತಿತು. ಅದಕ್ಕೆ ಹೆಸರು ಕೊಟ್ಟ ಡೆಡಿಕೇಶನ್ ಹಾಡನ್ನು ಲೈನಟ್ ಪೂರ್ಣಗೊಳಿಸಿರಲಿಲ್ಲ, ಬರಿಯ ಕರಡು ಮುದ್ರಣ ಉಳಿದಿತ್ತು. ಆ ದನಿಯ ಜೊತೆಗೆ ಗೋರಮ್ ಗಿಟಾರನ್ನೂ, ಕ್ರಮ್ಲಿನ್‌ನ ಶಾಲೆಯ ಗೆಳೆಯ ಡೌನಿ ಡ್ರಮ್ಮನ್ನೂ ಸೇರಿಸಿ ಹಾಡನ್ನು ಮುಗಿಸಿಕೊಟ್ಟರು.