ಉತ್ತರ ಗೊತ್ತಿದ್ದ ಸಿ.ಎಸ್. ಲೂಯಿಸ್ ಕುಸಿದು ಕೂತಾಗ

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ನನ್ನ ರೂಮ್‌ಮೇಟ್‌ನ ಅಪ್ಪ ಅಪಘಾತದಲ್ಲಿ ತೀರಿಕೊಂಡರು. ಹದಿನೈದು ದಿನ ಬಿಟ್ಟು ಹಾಸ್ಟೆಲ್ಲಿಗೆ ಬಂದವನು, ದೇವರು ಯಾಕೆ ಹಿಂಗೆ ಮಾಡ್ದ ಅಂತ ಕೇಳಿದ. ಅವನು ಕ್ರೈಸ್ತ, ನಾನಲ್ಲ. ಆದರೆ ಆಗಷ್ಟೇ ಸಿ.ಎಸ್. ಲೂಯಿಸ್ ಬರೆದ 'ದಿ ಪ್ರಾಬ್ಲಮ್ ಆಫ್ ಪೇನ್' ಓದಿದ್ದೆ. ಅದರ ವಾದವನ್ನು ಥಿಯರಂ ಥರ ಒಪ್ಪಿಸಿದೆ. ಅವನು ಗೋಡೆ ಕಡೆ ತಿರುಗಿ ಮಲಗಿದ.

ಲೂಯಿಸ್ ಅವರ ಪೂರ್ತಿ ಕಥೆ ನನಗೆ ಗೊತ್ತಾಗಿದ್ದು ಆಮೇಲೆ.

1898ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವರು. ಒಂಬತ್ತನೇ ವಯಸ್ಸಿನಲ್ಲಿ ಅಮ್ಮ ಕ್ಯಾನ್ಸರ್‌ನಿಂದ ಹೋದರು. ಹುಡುಗ ಮಾಡಿದ ಪ್ರಾರ್ಥನೆ ಕೆಲಸಕ್ಕೆ ಬರಲಿಲ್ಲ. ಮೊದಲ ಮಹಾಯುದ್ಧಕ್ಕೆ ಹೋಗಿ 1918ರಲ್ಲಿ ಫ್ರಾನ್ಸ್‌ನಲ್ಲಿ ಗಾಯಗೊಂಡರು. ಆ ಹೊತ್ತಿಗೆ ನಾಸ್ತಿಕ. ಆಕ್ಸ್‌ಫರ್ಡ್‌ನಲ್ಲಿ ಪಾಠ ಮಾಡುತ್ತಾ, ಟೋಲ್ಕಿನ್‌ರಂಥ ಗೆಳೆಯರ ಜೊತೆ ವಾದ ಮಾಡುತ್ತಾ 1931ರಲ್ಲಿ ಕ್ರೈಸ್ತ ನಂಬಿಕೆಗೆ ಮರಳಿದರು.

1940ರ ಆ ಪುಸ್ತಕದ ತರ್ಕ ಇಂಜಿನಿಯರ್ ಬುದ್ಧಿಗೆ ಹಿಡಿಸುವಂಥದ್ದು. ಲೋಕಕ್ಕೆ ಸ್ಥಿರ ನಿಯಮ ಬೇಕು, ಮನುಷ್ಯನಿಗೆ ಆಯ್ಕೆಯ ಸ್ವಾತಂತ್ರ್ಯ ಬೇಕು. ಮನೆಗೆ ತೊಲೆಯಾಗುವ ಗಟ್ಟಿ ಮರವೇ ಪಕ್ಕದವನ ತಲೆ ಒಡೆಯುವ ದೊಣ್ಣೆಯೂ ಆಗುತ್ತೆ. ದೇವರ ಪ್ರೀತಿ ಅಂದರೆ ಬರೀ ಮುದ್ದು ಮಾಡುವುದಲ್ಲ, ತಿದ್ದುವುದು. ಸಹಿಸುವುದನ್ನು ಕಲಿಸುವ ಯೋಗ್ಯತೆ ತನಗಿಲ್ಲ ಅಂತ ಲೂಯಿಸ್ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದರು. ನಾನು ಮುನ್ನುಡಿ ಬಿಟ್ಟು ಓದಿದ್ದೆ.

1956ರಲ್ಲಿ ಅಮೆರಿಕದ ಲೇಖಕಿ ಜಾಯ್ ಡೇವಿಡ್‌ಮನ್ ಅವರನ್ನು ರಿಜಿಸ್ಟರ್ ಮದುವೆಯಾದರು. ಆಕೆ ಬ್ರಿಟನ್‌ನಲ್ಲಿ ಉಳಿಯೋಕೆ ಅನುಕೂಲವಾಗಲಿ ಅಂತ ಮಾಡಿಕೊಂಡ ಮದುವೆ. ಅದೇ ವರ್ಷ ಜಾಯ್‌ಗೆ ಕ್ಯಾನ್ಸರ್ ಅಂತ ಗೊತ್ತಾಯ್ತು, ಮೂಳೆಗೂ ಹಬ್ಬಿತ್ತು. ಕಳೆದುಕೊಳ್ಳುವ ಹೊತ್ತಿನಲ್ಲಿ ಪ್ರೀತಿ ತಿಳಿಯಿತು ಅನ್ನಬೇಕು. 1957ರ ಮಾರ್ಚ್‌ನಲ್ಲಿ ಆಸ್ಪತ್ರೆ ಹಾಸಿಗೆಯ ಪಕ್ಕದಲ್ಲೇ ಪಾದ್ರಿಯೊಬ್ಬರು ಮದುವೆ ಮಾಡಿಸಿ, ಕೈಯಿಟ್ಟು ಪ್ರಾರ್ಥಿಸಿದರು. ಜಾಯ್ ಎದ್ದು ಓಡಾಡಿದರು! 1960ರ ಏಪ್ರಿಲ್‌ನಲ್ಲಿ ಇಬ್ಬರೂ ಗ್ರೀಸ್ ನೋಡಿ ಬಂದರು. ಜುಲೈ 13ಕ್ಕೆ ಜಾಯ್ ಇಲ್ಲ. ಅವರಿಗೆ 45 ವರ್ಷ.

ಆಗ ಲೂಯಿಸ್ ನೋಟ್‌ಬುಕ್‌ಗಳಲ್ಲಿ ಬರೆದುಕೊಂಡದ್ದೇ 'ಎ ಗ್ರೀಫ್ ಅಬ್ಸರ್ವ್ಡ್'. ಅದರಲ್ಲಿ ಥಿಯರಂ ಇಲ್ಲ. ತೀರಾ ಬೇಕಾದಾಗ ದೇವರ ಬಾಗಿಲಿಗೆ ಹೋದರೆ ಬರೀ ಮೌನ ಅಂತ ದೂರುತ್ತಾರೆ. ದೇವರಿಲ್ಲ ಅನ್ನಿಸುವ ಭಯ ಅವರಿಗಿರಲಿಲ್ಲ. ದೇವರು ಇರುವುದೇ ಹೀಗೇನೋ ಅನ್ನುವ ಭಯ. ಶಿಲುಬೆಯ ಮೇಲೆ ಯೇಸುವಿಗೂ ಇದೇ ಆಯಿತಲ್ಲ ಅಂತ ಒಬ್ಬರು ನೆನಪಿಸುತ್ತಾರೆ. ಅದು ಗೊತ್ತು, ಗೊತ್ತಿದ್ದರೆ ಅರ್ಥವಾಗುವುದು ಸುಲಭವಾಯಿತೇ ಎಂಬುದು ಲೂಯಿಸ್ ಅವರ ಮರುಪ್ರಶ್ನೆ. ಜಾಯ್ ಅವರ ಇಬ್ಬರು ಗಂಡುಮಕ್ಕಳು ಅಮ್ಮನ ಸುದ್ದಿ ತೆಗೆದರೆ ಮುಜುಗರಪಡುತ್ತಿದ್ದರು. ತನ್ನಮ್ಮ ಹೋದಾಗ ಅಪ್ಪನೆದುರು ತಾನೂ ಹಾಗೇ ಇದ್ದೆ ಅಂತ ಲೂಯಿಸ್‌ಗೆ ನೆನಪಾಗುತ್ತೆ. ನನಗೆ ಇಡೀ ಪುಸ್ತಕದಲ್ಲಿ ತಡೆಯಲಾಗದ್ದು ಇದೊಂದು ಜಾಗ.

ಕೊನೆಗೆ ನಂಬಿಕೆ ಬಿಟ್ಟರೇ? ಇಲ್ಲ. ಬಾಗಿಲು ಕೇಳಿಸದಂತೆ ಮಾಡಿದ್ದು ತನ್ನದೇ ಗಾಬರಿಯ ಬಡಿತವಿರಬಹುದು ಅನ್ನುವಲ್ಲಿಗೆ ಬರುತ್ತಾರೆ. ಉತ್ತರ ಸಿಕ್ಕಿತು ಅಂತ ಎಲ್ಲೂ ಹೇಳಿಕೊಳ್ಳುವುದಿಲ್ಲ.

1961ರಲ್ಲಿ ಪುಸ್ತಕ ಎನ್.ಡಬ್ಲ್ಯು. ಕ್ಲರ್ಕ್ ಎಂಬ ಸುಳ್ಳು ಹೆಸರಲ್ಲಿ ಬಂತು. ಬರೆದವರು ಯಾರೆಂದು ತಿಳಿಯದ ಗೆಳೆಯರು, ದುಃಖಕ್ಕೆ ಸಮಾಧಾನವಾದೀತು ಅಂತ ಅದನ್ನೇ ತಂದು ಲೂಯಿಸ್‌ಗೆ ಕೊಟ್ಟರು. 1963ರ ನವೆಂಬರ್ 22ರಂದು, ಕೆನಡಿ ಹತ್ಯೆಯಾದ ದಿನವೇ, ಲೂಯಿಸ್ ತೀರಿಕೊಂಡರು. ಅವರ ನಿಜವಾದ ಹೆಸರಲ್ಲಿ ಪುಸ್ತಕ ಬಂದದ್ದು ಆಮೇಲೆ.

ನನ್ನ ರೂಮ್‌ಮೇಟ್‌ಗೆ ಅದನ್ನು ಕೊಡೋಣ ಅಂತ ಒಂದು ಪ್ರತಿ ತಂದಿಟ್ಟು ವರ್ಷಗಳಾದವು. ಇನ್ನೂ ಕೊಟ್ಟಿಲ್ಲ.