ಊರು ಸುತ್ತುತ್ತಿದ್ದ ದಿವಾನರು: ಸರ್ ಮಿರ್ಜಾ ಇಸ್ಮಾಯಿಲ್

ನಮ್ಮಲ್ಲಿ ಕೆಲವರು ರಜೆಗೆ ಊರಿಗೆ ಹೋಗೋದು ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರು ಕಡೆಯ ಬಸ್ಸಿನಲ್ಲಿ. ಗೊರೇಬಾಳದಂಥ ಊರಲ್ಲಿ ಬಸ್ಸಿಗೆ ಕಾಯೋದು ಅಂದ್ರೆ ಏನು ಅಂತ ಅವರಿಗೆ ಗೊತ್ತು. ಏಪ್ರಿಲ್‌ನಲ್ಲಿ ನೆರಳು ಹುಡುಕಬೇಕು, ಮಳೆಗಾಲದಲ್ಲಿ ಕಪ್ಪು ಮಣ್ಣಿನ ರಾಡಿ ದಾಟಬೇಕು. ರಸ್ತೆ ಅಗಲವಾದರೆ ಲಾರಿಗೆ ಅನುಕೂಲ. ನಡೆಯುವವರ ಲೆಕ್ಕ ಇಡೋರು ಯಾರು?

ಆ ಲೆಕ್ಕ ಇಟ್ಟ ಒಬ್ಬರ ಬಗ್ಗೆ ಈ ಸಲ ಬರೀತಿದೀವಿ. ರಸ್ತೆ, ಚರಂಡಿ ಅಂದ ಕೂಡಲೇ ನಾವೆಲ್ಲ ವಿಶ್ವೇಶ್ವರಯ್ಯನವರ ಹೆಸರು ಹೇಳ್ತೀವಿ. ಇವರು ಅವರಲ್ಲ, ಇಂಜಿನಿಯರ್ ಕೂಡ ಅಲ್ಲ. ಆದರೆ ಒಂಬತ್ತು–ಹತ್ತು ತಿಂಗಳ ಮಟ್ಟಿಗೆ ಗೊರೇಬಾಳವೂ ಇವರ ಆಡಳಿತದಲ್ಲಿತ್ತು. ಅದು ಹೇಗೆ ಅಂತ ಮುಂದೆ ಹೇಳ್ತೀವಿ.

ಮಿರ್ಜಾ ಇಸ್ಮಾಯಿಲ್ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ತಾತ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದವರು. ಬೆಂಗಳೂರಲ್ಲೇ ನೆಲೆಸಿ ಅನೇಕ ಬಂಗಲೆ ಕಟ್ಟಿಸಿದರು. ಅಲಿ ಅಸ್ಕರ್ ರಸ್ತೆ ಅವರ ಹೆಸರಿನದೇ. ಮಿರ್ಜಾ ಓದಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ, ಅರಮನೆಯ ತರಗತಿಯಲ್ಲಿ. 1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದು ಪೊಲೀಸ್ ಇಲಾಖೆ ಸೇರಿದರು. ಆಮೇಲೆ ಮಹಾರಾಜರ ಆಪ್ತ ಕಾರ್ಯದರ್ಶಿಯಾದರು. 1926ರಲ್ಲಿ ದಿವಾನರಾಗಿ 1941ರ ತನಕ, ಅಂದರೆ ಹದಿನೈದು ವರ್ಷ, ಮೈಸೂರು ಸಂಸ್ಥಾನ ನಡೆಸಿದರು.

ಅವರ ಕಾಲದ ಕಾರ್ಖಾನೆಗಳ ಪಟ್ಟಿ ದೊಡ್ಡದು. ಮಂಡ್ಯದ ಸಕ್ಕರೆ ಕಾರ್ಖಾನೆ, ಬೆಂಗಳೂರಿನ ಪಿಂಗಾಣಿ ಕಾರ್ಖಾನೆ, 1940ರಲ್ಲಿ ಶುರುವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ. ಅವು ಪರೀಕ್ಷೆಗೂ ಬರುತ್ತವೆ, ಹಾಗಾಗಿ ಬಿಡೋಣ. ನಮಗೆ ಬೇಕಿರೋದು ಅವರ ಒಂದು ಅಭ್ಯಾಸ. ಬೆಳಿಗ್ಗೆ ಎದ್ದು ಊರು ಸುತ್ತೋದು. ದಿವಾನರು ಸ್ವತಃ ಬೀದಿ ನೋಡೋದು, ಕಣ್ಣಿಗೆ ಬಿದ್ದ ಕೊರತೆಯನ್ನು ಸಂಬಂಧಪಟ್ಟ ಅಧಿಕಾರಿಗೆ ಹೇಳಿ ಸರಿಮಾಡಿಸೋದು. ಇದರಲ್ಲಿ ಏನು ದೊಡ್ಡದು ಅನ್ನಿಸಬಹುದು. ಆದ್ರೆ ಯೋಚನೆ ಮಾಡಿ. ಚರಂಡಿ ಕೆಟ್ಟರೆ ರಸ್ತೆಯ ತಳಪಾಯಕ್ಕೆ ನೀರು ಇಳಿಯುತ್ತದೆ, ತಳಪಾಯ ಮೆತ್ತಗಾದರೆ ಡಾಂಬರು ಬಿರಿಯುತ್ತದೆ. ಒಂದು ಗಿಡ ಒಣಗಿದಾಗಲೇ ಇನ್ನೊಂದು ನೆಡದಿದ್ದರೆ ಹತ್ತು ವರ್ಷದ ನೆರಳು ಹೋಯಿತು. ಬೀದಿ ಹಾಳಾಗೋದು ಒಂದೇ ದಿನದಲ್ಲಲ್ಲ, ಯಾರೂ ನೋಡದ ದಿನಗಳು ಕೂಡಿ ಕೂಡಿ.

ಎಲ್ಲವನ್ನೂ ಅವರೇ ಶುರುಮಾಡಿದರು ಅಂದರೆ ತಪ್ಪಾಗುತ್ತದೆ. 1898ರ ಪ್ಲೇಗಿನ ಪಾಠ ಅವರ ಮುಂದಿತ್ತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬೆಳೆದಿದ್ದವು. ನೇರ ರಸ್ತೆ, ಗಾಳಿ ಬೆಳಕಿನ ನಿವೇಶನ, ನಡುವೆ ಉದ್ಯಾನ. ಲಾಲ್‌ಬಾಗಿನಲ್ಲಿದ್ದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆರಿಸುತ್ತಿದ್ದರು. ಮಿರ್ಜಾ ಇಂಥವರಿಗೆ ಅಧಿಕಾರದ ಬಲ ಕೊಟ್ಟರು. ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ಎದ್ದದ್ದು ಹೀಗೆ. ಬೆಂಗಳೂರಿನ ಪುರಭವನವೂ ಅವರ ಕಾಲದ್ದೇ, 1935ರದು. 1939ರಲ್ಲಿ, ನಾಜಿಗಳಿಂದಾಗಿ ಜರ್ಮನಿ ಬಿಟ್ಟಿದ್ದ ವಾಸ್ತುಶಿಲ್ಪಿ ಓಟೋ ಕೋನಿಗ್ಸ್‌ಬರ್ಗರ್ ಅವರನ್ನು ಮೈಸೂರಿಗೆ ಕರೆಸಿಕೊಂಡರು. ಬಿಸಿಲಿನ ನಾಡಿನ ಮನೆ ಹೇಗಿರಬೇಕು ಅಂತ ಮುಂದೆ ಅವರು ಬರೆದ ಪುಸ್ತಕವನ್ನು ಆರ್ಕಿಟೆಕ್ಚರ್ ಓದೋ ಗೆಳೆಯರು ನೋಡಿರಬಹುದು.

ಹಾಗಂತ ಮಿರ್ಜಾ ಅವರ ಆಡಳಿತದ ಮೇಲೆ ಕಲೆ ಇಲ್ಲ ಅಂತಲ್ಲ. ಜವಾಬ್ದಾರಿ ಸರ್ಕಾರ ಬೇಕು ಅಂತ ಜನ ಕೇಳಿದಾಗ ಅವರು ಸುಲಭಕ್ಕೆ ಒಪ್ಪಲಿಲ್ಲ. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಇವರು ದಿವಾನರಾಗಿದ್ದಾಗಲೇ. ಹಲವರು ಸತ್ತರು. ಬೀದಿಯ ಗಿಡವನ್ನು ನೋಡಿದ ಕಣ್ಣು, ಅದೇ ಬೀದಿಗೆ ಇಳಿದ ಜನರ ಮಾತನ್ನೂ ಕೇಳಬೇಕಿತ್ತು. ಈ ಮಾತು ಬಿಟ್ಟು ಅವರ ಜೀವನ ಬರೆದರೆ ಅದು ಬರೀ ಹೊಗಳಿಕೆಯಾಗುತ್ತದೆ.

ಮೈಸೂರು ಬಿಟ್ಟ ಮೇಲೆ 1942ರಿಂದ 1946ರ ತನಕ ಜೈಪುರದ ಪ್ರಧಾನಮಂತ್ರಿಯಾಗಿದ್ದರು. ಕೋಟೆಗೋಡೆಯೊಳಗೆ ಕಿಕ್ಕಿರಿದಿದ್ದ ಊರಿಗೆ ಹೊರಗಡೆ ಹೊಸ ಬಡಾವಣೆಗಳನ್ನು ಯೋಜಿಸಿದರು. ಗೋಡೆಯ ದಕ್ಷಿಣಕ್ಕಿರುವ ಅಗಲ ರಸ್ತೆಗೆ ಇವತ್ತಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆ ಅಂತಲೇ ಹೆಸರು.

ಈಗ ನಮ್ಮ ಗೊರೇಬಾಳದ ವಿಷಯ. ರಾಯಚೂರು ಜಿಲ್ಲೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1946ರ ಆಗಸ್ಟ್‌ನಲ್ಲಿ ಮಿರ್ಜಾ ಆ ಸಂಸ್ಥಾನದ ಪ್ರಧಾನಿಯಾದರು. ತುಂಗಭದ್ರಾ ಅಣೆಕಟ್ಟಿನ ಕೆಲಸ ಹಿಂದಿನ ವರ್ಷವಷ್ಟೇ ಶುರುವಾಗಿತ್ತು. ಎಡದಂಡೆಯ ಕಡೆಯ ಹೊಣೆ ಹೈದರಾಬಾದಿನದು. ಮುಂದೆ ಸಿಂಧನೂರಿಗೆ ಭತ್ತ ತಂದದ್ದು ಅದೇ ಎಡದಂಡೆ ಕಾಲುವೆ. ಆದರೆ ಮಿರ್ಜಾ ಅದನ್ನೆಲ್ಲ ನೋಡುವಷ್ಟು ದಿನ ಉಳಿಯಲಿಲ್ಲ. ಭಾರತದ ಜೊತೆ ಹೊಂದಿಕೊಂಡು ಹೋಗಬೇಕು ಅನ್ನೋದು ಅವರ ನಿಲುವು. ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆ ಅದನ್ನು ಬಲವಾಗಿ ವಿರೋಧಿಸಿತು. 1947ರ ಮೇನಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಟರು.

ಹದಿನೈದು ವರ್ಷ ಸಿಕ್ಕ ಮೈಸೂರಿಗೆ ಸಾಲುಮರ ಬಂತು, ನಾಲ್ಕು ವರ್ಷ ಸಿಕ್ಕ ಜೈಪುರಕ್ಕೆ ರಸ್ತೆ ಬಂತು, ನಮ್ಮ ಕಡೆಗೆ ಅಂಥದ್ದು ಏನೂ ಬರಲಿಲ್ಲ. ಕಾಲುವೆ ನೀರು ಬಂದ ಮೇಲೆ ಕ್ಯಾಂಪುಗಳು ಹುಟ್ಟಿದವು, ಅಕ್ಕಿ ಗಿರಣಿ ಎದ್ದವು, ಊರುಗಳು ರಸ್ತೆಗುಂಟ ಬೆಳೆದವು. ನೆರಳು ಮಾತ್ರ ಬೆಳೆಯಲಿಲ್ಲ.

ಮಿರ್ಜಾ 1959ರ ಜನವರಿ 5ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ನಮ್ಮ ಊರುಗಳಿಗೆ ಈಗ ದಿವಾನರು ಬರೋದಿಲ್ಲ, ಬರಬೇಕಾಗಿಯೂ ಇಲ್ಲ. ಪಂಚಾಯ್ತಿ ಇದೆ, ಗ್ರಾಮಸಭೆ ಇದೆ, ಸಿವಿಲ್ ಓದ್ತಿರೋ ನಾವಿದೀವಿ. ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಬೆಳಿಗ್ಗೆ ಬೇಗ ಎದ್ದು ಬಸ್‌ಸ್ಟ್ಯಾಂಡಿನಿಂದ ಶಾಲೆ ತನಕ ನಡೆದು ನೋಡೋಣ. ಚರಂಡಿ ಎಲ್ಲಿ ಕಟ್ಟಿದೆ, ಮಕ್ಕಳು ರಸ್ತೆ ಎಲ್ಲಿ ದಾಟ್ತಾರೆ, ಎಲ್ಲಿ ಒಂದು ಬೇವಿನ ಗಿಡ ಹಿಡಿಯುತ್ತದೆ ಅಂತ ಬರ್ಕೊಂಡು ಬರೋಣ. ಅದನ್ನೇ ಗ್ರಾಮಸಭೆಯಲ್ಲಿ ಓದೋಣ.