ಹೆಣ್ಣುಡುಗೆ ಉಡುವುದು ಲೈಂಗಿಕ ಚಟವೇ? 1910ರಲ್ಲೇ ಉತ್ತರ ಹುಡುಕಿದ ವೈದ್ಯರ ಕಥೆ

ಟ್ರಾನ್ಸ್‌ಜೆಂಡರ್ ಆಗುವುದು ಒಂದು ಲೈಂಗಿಕ ಚಟ ಎನ್ನುವ ಮೆಸೇಜುಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತವೆ. ಇದು ನಿಜವೇ? ಉತ್ತರಕ್ಕಾಗಿ ನಾವು ಜರ್ಮನಿಯ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಅವರ ಬದುಕನ್ನು ನೋಡೋಣ.

ಯಾರಿವರು?

ಹುಟ್ಟಿದ್ದು 1868ರ ಮೇ 14ರಂದು, ಯಹೂದಿ ಕುಟುಂಬದಲ್ಲಿ. ಆ ಕಾಲದ ವೈದ್ಯರು ಗಂಡಸು ಸೀರೆಯಂಥ ಹೆಣ್ಣುಡುಗೆ ಉಡುವುದನ್ನೂ, ನೋವಿನಲ್ಲಿ ಸುಖ ಕಾಣುವುದನ್ನೂ 'ವಿಕೃತಿ' ಎಂಬ ಒಂದೇ ಪಟ್ಟಿಗೆ ಸೇರಿಸುತ್ತಿದ್ದರು.

ಹಿರ್ಷ್‌ಫೆಲ್ಡ್ ಅಂಥ 17 ಜನರ ಬದುಕನ್ನು ಕೂಲಂಕಷವಾಗಿ ದಾಖಲಿಸಿ 1910ರಲ್ಲಿ ಪುಸ್ತಕ ಬರೆದರು. ಮಸೋಕಿಸಂ (ನೋವು, ಅಧೀನತೆಯಲ್ಲಿ ಸುಖ), ಸಲಿಂಗಕಾಮ ಎಲ್ಲದರ ಜೊತೆಗೂ ಹೋಲಿಸಿ ನೋಡಿದರು. ಇದು ಅವುಗಳಲ್ಲಿ ಯಾವುದೂ ಅಲ್ಲ, ಬೇರೆಯೇ ವಿಷಯ ಎಂದು ತೀರ್ಮಾನಿಸಿದರು. ಇಂಥವರನ್ನು ಬರ್ಲಿನ್ ಪೊಲೀಸರು ಬಂಧಿಸದಂತೆ ಪಾಸ್ ಕೊಡಿಸಲು ನೆರವಾದರು. 1919ರಲ್ಲಿ ಲೈಂಗಿಕ ವಿಜ್ಞಾನ ಸಂಸ್ಥೆಯನ್ನೇ ತೆರೆದರು.

ತೆತ್ತ ಬೆಲೆ

1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ಸಂಸ್ಥೆಗೆ ನುಗ್ಗಿದರು. ನಾಲ್ಕು ದಿನಗಳ ನಂತರ ಅಲ್ಲಿನ ಪುಸ್ತಕಗಳು ಬೆಂಕಿಗೆ ಬಿದ್ದವು. ವಿದೇಶದಲ್ಲಿದ್ದ ಹಿರ್ಷ್‌ಫೆಲ್ಡ್ ಮತ್ತೆ ಜರ್ಮನಿಗೆ ಮರಳಲಿಲ್ಲ. 1935ರಲ್ಲಿ, ತಮ್ಮ 67ನೇ ಹುಟ್ಟುಹಬ್ಬದ ದಿನವೇ ಫ್ರಾನ್ಸ್‌ನಲ್ಲಿ ತೀರಿಕೊಂಡರು. ಅವರು ಹೇಳಿದ್ದೆಲ್ಲ ಇಂದು ಒಪ್ಪಿತವಲ್ಲ. ಆದರೆ ಆ ಮೂಲ ವ್ಯತ್ಯಾಸ ಉಳಿದಿದೆ.

ಬಿಡಿಎಸ್‌ಎಂಗೂ ಇದಕ್ಕೂ ಏನು ಸಂಬಂಧ?

ಕಟ್ಟಿಹಾಕುವುದು, ಆಳುವುದು, ಅಧೀನರಾಗುವುದು, ನೋವು ಕೊಡುವುದು ಅಥವಾ ಪಡೆಯುವುದು: ಇವನ್ನೆಲ್ಲ ವಯಸ್ಕರು ಪರಸ್ಪರ ಒಪ್ಪಿ ಮಾಡುವುದಕ್ಕೆ ಬಿಡಿಎಸ್‌ಎಂ ಎನ್ನುತ್ತಾರೆ. ಅಲ್ಲಿ ಆಳುವ ಹೆಣ್ಣು ಗಂಡಾಗಿಬಿಡುವುದಿಲ್ಲ. ಆಟಕ್ಕೆಂದು ಹೆಣ್ಣುಡುಗೆ ಉಟ್ಟ ಗಂಡಸು ಬೆಳಗ್ಗೆ ಎದ್ದಾಗ ಗಂಡಸೇ ಆಗಿರಬಹುದು. ಟ್ರಾನ್ಸ್ ಮಹಿಳೆಯಾದರೋ ಅಡುಗೆಮನೆಯಲ್ಲೂ ಆಫೀಸಿನಲ್ಲೂ ಮಹಿಳೆಯೇ. ಆಕೆಗೆ ಬಿಡಿಎಸ್‌ಎಂ ಇಷ್ಟವಿರಬಹುದು, ಇಲ್ಲದಿರಬಹುದು. ಏನು ಇಷ್ಟ ಎಂಬುದು ಒಂದು ಪ್ರಶ್ನೆ, ನಾನು ಯಾರು ಎಂಬುದು ಇನ್ನೊಂದು. ಆ ಎರಡನೆಯದಕ್ಕೆ ಉತ್ತರ ಹೇಳಬೇಕಾದವರು ಅವರೇ.

2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ (ಐಸಿಡಿ-11) ಟ್ರಾನ್ಸ್‌ಜೆಂಡರ್ ಗುರುತನ್ನು ಮಾನಸಿಕ ಕಾಯಿಲೆ ಎನ್ನುವುದಿಲ್ಲ. ವಯಸ್ಕರ ಒಪ್ಪಿಗೆಯ ಬಿಡಿಎಸ್‌ಎಂ ಕೂಡ ತಾನಾಗಿಯೇ ಕಾಯಿಲೆಯಲ್ಲ.

ನಮ್ಮ ತೀರ್ಮಾನ: ಆ ಮೆಸೇಜು ಸುಳ್ಳು. ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ವೈದ್ಯರ ಕಥೆ ಹೇಳಿ.